ತಪ್ಪಿಲ್ಲದ ಕನ್ನಡ

ಮೂಡಲಗಿಗೆ ಬಂದ ಮೊದಲ ದಿನವೇ ನಾನು ಎರಡು ಗಂಟೆ ಕೂತು ಒಂದು ಕೌದಿ ಒಗೆದೆ. ಕೌದಿ ಎಂದರೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದ ಹೊದಿಕೆ. ಒಣಗಿದ್ದಾಗ ಹಗುರ, ನೆನೆದರೆ ಇಬ್ಬರು ಹಿಡಿದರೂ ಏಳದಷ್ಟು ಭಾರ. ನಾನು ಬಾಡಿಗೆಗೆ ಹಿಡಿದ ಕೋಣೆಯ ಮೂಲೆಯಲ್ಲಿ ಅದು ಬಿದ್ದಿತ್ತು. ಮನೆಯೊಡತಿ ಮಹಾದೇವಕ್ಕ ಬೀಗದ ಕೈ ಕೊಟ್ಟು, "ಆ ಕೌದಿ ಒಗದ ಬಿಡ್ರಿ" ಎಂದು ಹೇಳಿ ಹೋದರು. ಬಂದವಳಿಗೆ ಒಂದು ಲೋಟ ನೀರು ಕೊಡುವ ಮೊದಲೇ ಬಟ್ಟೆ ಒಗೆಯಲು ಹೇಳುತ್ತಾರಲ್ಲ ಎಂದು ಗೊಣಗುತ್ತಲೇ ಒಗೆದೆ. ಸಂಜೆ ಅವರು ಮಾಳಿಗೆಗೆ ಬಂದು, ಗೋಡೆಯ ಮೇಲೆ ನೀರು ಸುರಿಸುತ್ತ ಬಿದ್ದಿದ್ದ ಕೌದಿಯನ್ನು ನೋಡಿ ಬಾಯಿಗೆ ಸೆರಗು ಹಿಡಿದರು.

"ಯವ್ವಾ! ಒಗೀರಿ ಅಂದ್ರ ತಿಪ್ಪಿಗಿ ಒಗೀರಿ ಅಂದಿದ್ನಿ. ಇಲಿ ಕಡದಿದ್ದ ಕೌದಿ ತೊಳಕೋತ ಕುಂತೀರಲ್ರಿ!"

ನಮ್ಮ ಮೈಸೂರು ಕಡೆ 'ಒಗೆ' ಅಂದರೆ ಬಟ್ಟೆ ಒಗೆಯುವುದು, ಅಷ್ಟೇ. ಇಲ್ಲಿ 'ಒಗಿ' ಅಂದರೆ ಎಸೆಯುವುದು ಕೂಡ. ಮರುದಿನದ ಹೊತ್ತಿಗೆ ಓಣಿಯಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿ, ಹಾಲು ಕೊಡುವವಳೂ ನನ್ನನ್ನು ನೋಡಿ ನಕ್ಕಳು. ನಾನು ನಗಲಿಲ್ಲ. ನಾನು ಇಲ್ಲಿಗೆ ಬಂದಿದ್ದೇ ಕನ್ನಡ ಕಲಿಸುವುದಕ್ಕೆ. ಕನ್ನಡ ನನಗೇ ತಿಳಿಯಲಿಲ್ಲವೆಂದು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಇವರ ಕನ್ನಡವೇ ಸರಿಯಿಲ್ಲ ಎಂದುಕೊಂಡು ಸಮಾಧಾನ ಮಾಡಿಕೊಂಡೆ. ಈ ಸಮಾಧಾನಕ್ಕೆ ಆಮೇಲೆ ಇನ್ನೊಬ್ಬರು ಬೆಲೆ ತೆತ್ತರು. ಅದನ್ನು ಹೇಳಲಿಕ್ಕೆಂದೇ ನಮ್ಮ ಮೈಸೂರಿನವರಾದ ನಿಮಗೆ ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ನಿಮ್ಮಲ್ಲಿ ಕೆಲವರು ಮುಖ ನೋಡದೆಯೂ ಬಲ್ಲಿರಿ. ಮೈಸೂರಿನ ಒಂದು ರೇಡಿಯೊ ಕೇಂದ್ರದಲ್ಲಿ ಹದಿನಾಲ್ಕು ವರ್ಷ ಬೆಳಗಿನ ಕಾರ್ಯಕ್ರಮ ನಡೆಸಿಕೊಟ್ಟವಳು ನಾನು. ನಿಮ್ಮ ಅಡುಗೆಮನೆಗಳಲ್ಲಿ ಇಡ್ಲಿ ಬೇಯುವಾಗ ನಾನು ಮಾತಾಡುತ್ತಿದ್ದೆ. 'ಶ'ಕ್ಕೂ 'ಷ'ಕ್ಕೂ ವ್ಯತ್ಯಾಸ ಗೊತ್ತಾಗಬೇಕಾದರೆ ಈಕೆಯ ಮಾತು ಕೇಳಿ ಎಂದು ಒಬ್ಬ ಹಿರಿಯ ಕೇಳುಗರು ಕಾಗದ ಬರೆದಿದ್ದರು. ಅದನ್ನು ನಾನು ಫ್ರೇಮು ಹಾಕಿಸಿಕೊಂಡಿದ್ದೆ ಎಂದು ಹೇಳಿದರೆ ನನ್ನ ಸ್ವಭಾವ ನಿಮಗೆ ತಿಳಿದೀತು. ಆಮೇಲೆ ಗಂಟಲಲ್ಲಿ ಗಂಟಾಯಿತು. ಶಸ್ತ್ರಚಿಕಿತ್ಸೆ ಆಯಿತು. ಎಚ್ಚರವಾಗಿ ಬಾಯಿ ತೆರೆದಾಗ ಬಂದದ್ದು ತುಕ್ಕು ಹಿಡಿದ ಕೀಲಿನ ಸದ್ದು. ಆರು ತಿಂಗಳು ಅಭ್ಯಾಸ ಮಾಡಿದೆ. ಆ, ಈ, ಊ ಎಂದು ಗೋಡೆಗೆ ಮುಖ ಮಾಡಿ ಎಳೆದೆ. ಮಾತು ಬಂತು, ದನಿ ಬರಲಿಲ್ಲ. ಕೇಂದ್ರದವರು ಹೂವಿನ ಹಾರ ಹಾಕಿ ಕಳುಹಿಸಿದರು.

ಅಕ್ಕನ ಮನೆಯಲ್ಲಿದ್ದೆ. ಮನೆಯವರೆಲ್ಲ ನನ್ನ ಮುಂದೆ ರೇಡಿಯೊ ಹಾಕುವುದನ್ನು ಬಿಟ್ಟರು, ಆಮೇಲೆ ಜೋರಾಗಿ ಮಾತಾಡುವುದನ್ನೂ ಬಿಟ್ಟರು. ಆ ಮರುಕ ತಡೆಯಲಾಗಲಿಲ್ಲ. ನನ್ನ ಜೊತೆ ಬಿ.ಎಡ್. ಓದಿದ್ದ ಗೆಳತಿಯೊಬ್ಬಳು ಮೂಡಲಗಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಜನ ಬೇಕಂತೆ ಎಂದಾಗ, ನಕ್ಷೆಯಲ್ಲಿ ಊರು ಎಲ್ಲಿದೆ ಎಂದು ನೋಡಿದೆ. ಸಾಕಷ್ಟು ದೂರವಿತ್ತು. ನನ್ನ ಹಳೆಯ ದನಿ ಕೇಳಿದವರು ಒಬ್ಬರೂ ಇಲ್ಲದ ಊರು ಎನ್ನುವುದೇ ನನಗೆ ಬೇಕಾಗಿದ್ದದ್ದು.

ಬಂದ ಮೇಲೆ ಎಲ್ಲವನ್ನೂ ಅಲ್ಲಿನದಕ್ಕೆ ಹೋಲಿಸುವುದೇ ನನ್ನ ಕೆಲಸವಾಯಿತು. ಅಲ್ಲಿ ಈರುಳ್ಳಿ, ಇಲ್ಲಿ ಉಳ್ಳಾಗಡ್ಡಿ. ಅಲ್ಲಿ ಕಡಲೆಕಾಯಿ, ಇಲ್ಲಿ ಶೇಂಗಾ. ಅಲ್ಲಿ ಪಕ್ಕದ ಮನೆಯವರು ನಮ್ಮ ಮನೆಗೆ ಬರಬೇಕಾದರೆ ಫೋನು ಮಾಡುತ್ತಿದ್ದರು. ಇಲ್ಲಿ ಮಹಾದೇವಕ್ಕ ನೇರ ಒಳಗೆ ಬಂದು ನನ್ನ ಪಾತ್ರೆಯ ಮುಚ್ಚಳ ತೆಗೆದು, "ಬರೇ ಅನ್ನ ಉಂಡ್ರ ಮೈಯಾಗ ಕಸುವು ಹೆಂಗ ಬರತೈತ್ರಿ" ಎಂದು ಕೇಳಿ, ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಇಟ್ಟು ಹೋಗುತ್ತಿದ್ದರು. ಹಿಂಡಿ ನಮ್ಮಲ್ಲಿ ದನಕ್ಕೆ ಹಾಕುವುದು, ಇಲ್ಲಿ ಚಟ್ನಿಪುಡಿ. ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಂಟಿತನಕ್ಕೂ ಬರುತ್ತಿತ್ತು, ಆದರೆ ಖಾರದ ನೆಪ ಇದ್ದದ್ದರಿಂದ ಊಟದ ಹೊತ್ತಿನಲ್ಲಿ ಅತ್ತರೆ ಯಾರೂ ಏನೂ ಕೇಳುತ್ತಿರಲಿಲ್ಲ.

ಶಾಲೆಯಲ್ಲಿ ಮಕ್ಕಳು ನನ್ನನ್ನು "ಅಕ್ಕೋರ" ಎಂದು ಕರೆದರು. ಈ ಕಡೆ ಶಿಕ್ಷಕಿಯರನ್ನು ಕರೆಯುವುದೇ ಹಾಗೆ, ಅಕ್ಕನವರು ಎನ್ನುವ ಗೌರವ ಅದರಲ್ಲಿದೆ. ನಾನು "ಮೇಡಂ ಅನ್ನಿ" ಎಂದೆ. ಅವರು "ಹಿಂಗ ಆತ್ರಿ" ಎಂದರೆ "ಹೀಗಾಯಿತು ಅನ್ನಿ" ಎಂದೆ. "ಸಾಲಿ" ಎಂದರೆ "ಶಾಲೆ". ಯಾರೇ ಎದ್ದು ನಿಂತು ಏನೇ ಹೇಳಲಿ, ನನ್ನ ಕಿವಿಗೆ ಮೊದಲು ಬೀಳುತ್ತಿದ್ದದ್ದು ಅದರ ತಪ್ಪು. ದನಿ ಹೋದವಳ ಹತ್ತಿರ ಉಳಿದದ್ದು ಉಚ್ಚಾರ ಒಂದೇ. ಅದನ್ನೇ ಕೋಲು ಮಾಡಿಕೊಂಡು ಓಡಾಡಿದೆ. ಎರಡು ತಿಂಗಳಲ್ಲಿ ತರಗತಿ ಬಹಳ ಶಾಂತವಾಯಿತು. ಶಿಸ್ತು ಬಂತು ಎಂದು ನಾನು ಹೆಮ್ಮೆಪಟ್ಟೆ. ಮಕ್ಕಳು ಬಾಯಿ ಬಿಡಲು ಹೆದರುತ್ತಿದ್ದರು, ಅಷ್ಟೇ.

ಒಂಬತ್ತನೆಯ ತರಗತಿಗೆ ನಾನೇ ಕ್ಲಾಸ್ ಟೀಚರ್. ಅಲ್ಲಿ ಪವಿತ್ರಾ ಎಂಬ ಹುಡುಗಿ ತುಕ್ಕಾನಟ್ಟಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅಪ್ಪ ಸಿದ್ದಪ್ಪ ಕುರಿ ಸಾಕುವವರು, ಮಳೆಗಾಲದಲ್ಲಿ ಹಿಂಡು ಹೊಡೆದುಕೊಂಡು ತಿಂಗಳುಗಟ್ಟಲೆ ದೂರ ಹೋಗಿಬಿಡುವವರು. ಮನೆಯಲ್ಲಿ ಇವಳು ಮತ್ತು ತಾಯಿ ಬಾಳವ್ವ, ಇಬ್ಬರೇ. ಶ್ರಾವಣದ ಒಂದು ದಿನ ಮೊದಲ ಅವಧಿಯಲ್ಲಿ ಕಿರುಪರೀಕ್ಷೆ ಇತ್ತು. ಬರೆದ ಹಾಳೆ ಕೊಟ್ಟು ಪವಿತ್ರಾ ಮೇಜಿನ ಹತ್ತಿರವೇ ನಿಂತಳು.

"ಮೇಡಂ, ಅವ್ವಗ ಆರಾಮ ಇಲ್ರಿ. ಮನೀಗಿ ಹೋಗ್ತೇನ್ರಿ."

"ಅವ್ವಗ ಅಲ್ಲ, ಅಮ್ಮನಿಗೆ," ಎಂದೆ.

"ಅಮ್ಮನಿಗೆ ಆರಾಮ ಇಲ್ರಿ."

"ಯಾವ ಅಮ್ಮನಿಗೆ ಆರಾಮ ಇರುತ್ತೆ ಹೇಳು? ನಮ್ಮಮ್ಮನಿಗೂ ಇರಲಿಲ್ಲ. ಹೋಗು, ಕೂತ್ಕೋ."

ಹೊಲದ ಕೆಲಸಕ್ಕೆ, ಮನೆಗೆಲಸಕ್ಕೆ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುತ್ತಾರೆ ಎಂದು ಕೇಳಿದ್ದೆ. ತಾಯಿಗೆ ಪುರಸೊತ್ತಿಲ್ಲ, ಕೆಲಸಕ್ಕೆ ಕೈ ಬೇಕಾಗಿದೆ ಎಂದು ಅರ್ಥ ಮಾಡಿಕೊಂಡೆ. ಒಂದು ಹುಡುಗಿಯ ಓದು ಉಳಿಸಿದೆ ಎಂದೂ ಅನ್ನಿಸಿತು. ನನ್ನ ತಮಾಷೆಗೆ ಯಾರೂ ನಗಲಿಲ್ಲ. ಈ ಮಕ್ಕಳಿಗೆ ಹಾಸ್ಯಪ್ರಜ್ಞೆ ಕಡಿಮೆ ಎಂದುಕೊಂಡು ಪಾಠ ಶುರು ಮಾಡಿದೆ. ಪವಿತ್ರಾ ಸಂಜೆ ಗಂಟೆ ಹೊಡೆಯುವವರೆಗೆ ಮೂರನೆಯ ಬೆಂಚಿನಲ್ಲಿ ಕೂತಿದ್ದಳು.

ಮರುದಿನ ಮುಖ್ಯೋಪಾಧ್ಯಾಯರು, ಅವಳ ತಾಯಿಗೆ ಲಕ್ವ ಹೊಡೆದಿದೆ, ಗೋಕಾಕದ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದರು. ಹುಡುಗಿ ಮನೆ ಮುಟ್ಟಿದಾಗ ತಾಯಿ ದನದ ಕೊಟ್ಟಿಗೆಯ ಮುಂದೆ ಬಿದ್ದಿದ್ದರಂತೆ. ಅಕ್ಕಪಕ್ಕದವರೆಲ್ಲ ಹೊಲಕ್ಕೆ ಹೋಗಿದ್ದರಿಂದ ಯಾರೂ ನೋಡಿರಲಿಲ್ಲ. ಅಯ್ಯೋ ಪಾಪ ಎಂದೆ. ನಿನ್ನೆ ಮನೆಗೆ ಹೋಗಲು ಕೇಳಿದ್ದಳಲ್ಲ ಎಂದು ಮನಸ್ಸಿಗೆ ಚುಚ್ಚಿತು, ಆದರೆ ಅದೊಂದು ಕೆಟ್ಟ ಕಾಕತಾಳೀಯ ಎಂದು ತಳ್ಳಿಹಾಕಿದೆ. ಆಮೇಲೆ ಪವಿತ್ರಾ ಬರಲೇ ಇಲ್ಲ. ಹಾಜರಿ ಕರೆಯುವಾಗ ದಿನಾ ಅವಳ ಹೆಸರು ಕರೆಯುತ್ತಿದ್ದೆ, ದಿನಾ ಯಾರಾದರೊಬ್ಬರು "ಬಂದಿಲ್ರಿ" ಎನ್ನುತ್ತಿದ್ದರು. ಮೂರು ವಾರವಾದ ಮೇಲೆ ಅವಳ ಊರಿನ ಹುಡುಗಿಯೊಬ್ಬಳು, ಬಾಳವ್ವನನ್ನು ತವರುಮನೆಗೆ ಕರೆದೊಯ್ದಿದ್ದಾರೆ, ನೋಡಿಕೊಳ್ಳಲು ಪವಿತ್ರಾನೂ ಅಲ್ಲೇ ಇದ್ದಾಳೆ, ಇನ್ನು ಶಾಲೆಗೆ ಬರುವುದಿಲ್ಲವಂತೆ ಎಂದಳು.

ತವರು ಇದ್ದದ್ದು ಹುಕ್ಕೇರಿಯ ಆಚೆ. ಒಂದು ಭಾನುವಾರ ಗೋಕಾಕದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಹೋದೆ. ಅಲ್ಲಿಂದ ಟಂಟಂ, ಅಂದರೆ ಹತ್ತು ಜನ ಒತ್ತಿಕೊಂಡು ಕೂರುವ ದೊಡ್ಡ ಆಟೊ. ನನ್ನ ತೊಡೆಯ ಮೇಲೆ ಯಾರದೋ ಸಂತೆಯ ಚೀಲವಿತ್ತು. ಒಳ್ಳೆಯ ಶಿಕ್ಷಕಿ, ಶಾಲೆ ಬಿಟ್ಟ ಹುಡುಗಿಯನ್ನು ವಾಪಸು ಕರೆತರಲು ಹೊರಟಿದ್ದೇನೆ ಎಂಬ ಭಾವ ಮನಸ್ಸಿನಲ್ಲಿತ್ತು.

ಪಡಸಾಲೆಯಲ್ಲಿ ಬಾಳವ್ವ ಮಲಗಿದ್ದರು. ನನಗಿಂತ ಎರಡು ಮೂರು ವರ್ಷಕ್ಕೆ ಚಿಕ್ಕವರಿರಬೇಕು. ಬಲಗೈ ಹೊಟ್ಟೆಯ ಮೇಲೆ ಸುಮ್ಮನೆ ಬಿದ್ದಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದರು, ಬಾಯಿ ಒಂದು ಕಡೆಗೆ ಎಳೆಯಿತು, ಶಬ್ದ ಬಂತು, ಮಾತಾಗಲಿಲ್ಲ. ಪವಿತ್ರಾ ನನಗೆ ನೀರು ತಂದುಕೊಟ್ಟು ಬಾಗಿಲ ಹಿಂದೆ ನಿಂತಳು. ಬಾಳವ್ವನ ತಾಯಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಅಜ್ಜಿಗೆ ಈ ಕಡೆ ಹಾಗನ್ನುತ್ತಾರೆ. ಏನು ಮಾತಾಡಬೇಕೆಂದು ತೋಚದೆ ನಾನು ಆಯಿಯನ್ನು ಕೇಳಿದೆ:

"ಮಗಳು ಈಗ ಹುಷಾರಾ?"

ಆಯಿಯ ಮುಖ ಅರಳಿತು. "ಭಾಳ ಹುಷಾರ ಅದಾಳ್ರಿ! ಸಾಲಿ ಕಲೀಲಿಲ್ಲ ಖರೆ, ಒಬ್ಬಾಕೀನ ಹೊಲ ಮನಿ ಎಲ್ಲಾ ಸಂಭಾಳಸ್ತಿದ್ಲು."

"ಅದಲ್ಲ, ಹುಷಾರಾಗಿದಾರಾ ಅಂದೆ. ಕಾಯಿಲೆ…"

"ಹಾಂ, ಆರಾಮ ಅದಾಳೇನು ಅಂತೀರೇನು?" ಆಯಿ ಕಣ್ಣೊರೆಸಿಕೊಂಡರು. "ಎಲ್ಲಿ ಆರಾಮ್ರಿ. ಅವತ್ತ ಮುಂಜಾನಿಂದನ ಆರಾಮ ಇದ್ದಿದ್ದಿಲ್ಲ. ಕೈ ಜುಮ್ ಅನ್ನಾಕತ್ತಿತ್ತಂತ. ಪರೀಕ್ಷಾ ಬರದ ಲಗೂನ ಬಾ ಅಂತ ಮಗಳ್ನ ಕಳಿಸಿದ್ಲು. ಜರಾ ಲಗೂನ ತಂದಿದ್ರ ಇಷ್ಟ ಆಗ್ತಿದ್ದಿಲ್ಲ ಅಂತಾರ ಗೋಕಾಕದ ಡಾಕ್ಟರು."

ಇಲ್ಲಿ 'ಹುಷಾರ' ಎಂದರೆ ಜಾಣೆ. 'ಆರಾಮ ಇಲ್ಲ' ಎಂದರೆ ಮೈ ಸರಿಯಿಲ್ಲ. ಅದು ಈ ಸೀಮೆಯ ಎಳೆ ಮಗುವಿಗೂ ಗೊತ್ತು. ಕನ್ನಡ ಕಲಿಸಲು ಬಂದವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಕೇಳಬಹುದಿತ್ತು. ನಾನು ಕೇಳಲಿಲ್ಲ, ತಿದ್ದಿದೆ. ಬಾಗಿಲ ಕಡೆ ನೋಡಿದೆ. ಪವಿತ್ರಾ ನನ್ನನ್ನೇ ನೋಡುತ್ತಿದ್ದಳು, ನಾನು ನೋಡಿದ ಕೂಡಲೇ ಒಳಗೆ ಹೋದಳು. ಆಯಿಯ ಮಾತಿನಿಂದ ಒಂದು ವಿಷಯ ಸ್ಪಷ್ಟವಾಯಿತು: ತಾನು ಮನೆಗೆ ಹೋಗಲು ಕೇಳಿದ್ದನ್ನೂ, ನಾನು ಕಳಿಸದಿದ್ದದ್ದನ್ನೂ ಹುಡುಗಿ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. "ಯಾಕ ಲಗೂನ ಬರಲಿಲ್ಲಂದ್ರ ಸುಮ್ನ ನಿಂದರತಾಳ್ರಿ" ಎಂದು, ಅವಳು ಬೇಗ ಬಾರದ್ದಕ್ಕೆ ಆಯಿ ದೂರಿದರು. ನನ್ನ ತಪ್ಪನ್ನು ಅವಳು ಹೊತ್ತುಕೊಂಡಿದ್ದಳು. ಆಗಲೇ ಬಾಯಿ ಬಿಡಬೇಕಿತ್ತು. ನಾನು ತಂದಿದ್ದ ಬಾಳೆಹಣ್ಣಿನ ಚೀಲ ಆಯಿಯ ಕೈಗೆ ಕೊಟ್ಟು, ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಎದ್ದುಬಂದೆ.

ಮುಂದಿನ ವಾರ ಹೋದೆ. ಅದರ ಮುಂದಿನ ವಾರವೂ. ಗಂಟಲಿನ ಅಭ್ಯಾಸ ಕಲಿಸಿದ್ದ ಮೈಸೂರಿನ ಚಿಕಿತ್ಸಕಿಗೆ ಫೋನು ಮಾಡಿ, ಬಾಳವ್ವನಿಗೆ ಏನು ಮಾಡಿಸಬಹುದೆಂದು ಕೇಳಿ ಬರೆದುಕೊಂಡೆ. ತುಟಿ ಗುಂಡಗೆ ಮಾಡುವುದು, ಕೆನ್ನೆ ಉಬ್ಬಿಸುವುದು, ನಿಧಾನವಾಗಿ ಒಂದೊಂದೇ ಅಕ್ಷರ. ನಾನು ತುಕ್ಕು ಹಿಡಿದ ದನಿಯಲ್ಲಿ "ಆ" ಎನ್ನುತ್ತಿದ್ದೆ, ಅವರು ಎಳೆದ ಬಾಯಲ್ಲಿ "ಆ" ಎನ್ನುತ್ತಿದ್ದರು, ಆಯಿ ಗೋಡೆಗೆ ಒರಗಿ ಬಿದ್ದು ಬಿದ್ದು ನಗುತ್ತಿದ್ದರು. ನನಗೂ ನಗು ಬರುತ್ತಿತ್ತು. ಹೊರಬೀಳದ ದನಿ ಎಂದರೆ ಏನು ಎನ್ನುವುದು ಆ ಮನೆಯಲ್ಲಿ ನನಗೂ ಬಾಳವ್ವನಿಗೂ ಮಾತ್ರ ಗೊತ್ತಿತ್ತು. ಯಾವ ಸೊಗಸಿಗಾಗಿ ನಾನು ವರ್ಷವಿಡೀ ಅತ್ತಿದ್ದೆನೋ ಅದರ ನೆನಪೂ ಆ ಪಡಸಾಲೆಯಲ್ಲಿ ಬರುತ್ತಿರಲಿಲ್ಲ. ಈ ಹೆಂಗಸಿಗೆ ಬೇಕಾಗಿದ್ದದ್ದು ಮಗಳನ್ನು ಹೆಸರು ಹಿಡಿದು ಕೂಗುವಷ್ಟು ಮಾತು.

ಇದನ್ನು ಓದಿ ನನ್ನನ್ನು ಮೆಚ್ಚಿಕೊಳ್ಳಬೇಡಿ. ಆ ಊರಿನವರು ಮೆಚ್ಚಿಕೊಂಡದ್ದೇ ನನಗೆ ಸಾಕಾಗಿದೆ. "ಎಲ್ಲಿ ಮೈಸೂರು, ಎಲ್ಲಿ ನಾವು. ದೇವರಂಥಾ ಅಕ್ಕೋರು" ಎಂದು ಟಂಟಂ ಓಡಿಸುವವರೂ ಹೇಳುತ್ತಿದ್ದರು. ಪ್ರತಿ ಭಾನುವಾರ ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಜೋಡಿಸಿಕೊಂಡು ಹೋಗುತ್ತಿದ್ದೆ, ಪ್ರತಿ ಭಾನುವಾರ ರೊಟ್ಟಿ, ಬದನೆಕಾಯಿ ಪಲ್ಯ ಉಂಡು ಹೇಳದೆ ಬರುತ್ತಿದ್ದೆ. ತಿಂದ ಒಂದೊಂದು ತುತ್ತೂ ಕದ್ದು ತಿಂದಂತೆ ಅನ್ನಿಸುತ್ತಿತ್ತು. ಪವಿತ್ರಾ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ.

ದೀಪಾವಳಿಗೆ ಸಿದ್ದಪ್ಪ ಕುರಿ ಹಿಂಡನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದರು. ಹಬ್ಬ ಕಳೆದ ಭಾನುವಾರ ನಾನು ಹೋದಾಗ ಎಲ್ಲರೂ ಪಡಸಾಲೆಯಲ್ಲಿದ್ದರು. ನಾನು ಕೂರುವ ಮೊದಲೇ ಬಾಳವ್ವ ಎಡಗೈ ಎತ್ತಿ, ನನ್ನ ಕಡೆ ತೋರಿಸಿ, ಮಗಳಿಗೆ ಹೇಳಿದರು:

"ಚಾ… ಚಾ ಕೊಡ."

ಎರಡೂ ಶಬ್ದ ಎಲ್ಲರಿಗೂ ತಿಳಿಯಿತು. ಆಯಿ ಅಳತೊಡಗಿದರು. ಪವಿತ್ರಾ ಓಡಿಹೋಗಿ ಚಹಾ ಮಾಡಿ ತಂದಳು. ಬಾಳವ್ವನ ಬಾಯಿಂದ ಮೊದಲು ಬಂದ ಮಾತು ನನ್ನ ಉಪಚಾರಕ್ಕೆ ಖರ್ಚಾಗಿತ್ತು. ಆ ಚಹಾ ಕುಡಿಯಲು ನನ್ನಿಂದ ಆಗಲಿಲ್ಲ. ಲೋಟ ಕೆಳಗಿಟ್ಟು ಎಲ್ಲ ಹೇಳಿದೆ. ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ. ಅವಳು ಮನೆಗೆ ಹೋಗುತ್ತೇನೆ ಅಂದಳು, ನಾನು ಬಿಡಲಿಲ್ಲ, ನನಗೆ ನಿಮ್ಮ ಮಾತು ತಿಳಿಯಲಿಲ್ಲ, ಅದರ ಮೇಲೆ ತಮಾಷೆ ಮಾಡಿದೆ, ಪವಿತ್ರಾಳದು ಏನೂ ತಪ್ಪಿಲ್ಲ. ಒಡಕು ದನಿ ಅಲ್ಲಲ್ಲಿ ಪೂರ್ತಿ ನಿಂತುಹೋಯಿತು.

ಆಯಿ ಅಳು ನಿಲ್ಲಿಸಿ ನನ್ನನ್ನು ನೋಡಿದರು. ಬಾಳವ್ವ ಮಗಳನ್ನು ನೋಡಿದರು. ಸಿದ್ದಪ್ಪ ತಲೆಯ ಮೇಲಿನ ರುಮಾಲು ತೆಗೆದು ಮತ್ತೆ ಸುತ್ತಿಕೊಂಡರು. ಬೈದಾರು ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ.

"ಆತು ಬಿಡ್ರಿ," ಎಂದರು. "ನೀವು ಬ್ಯಾರೆ ಊರವ್ರು. ನಿಮಗ ಹೆಂಗ ತಿಳೀಬೇಕು."

ಅಷ್ಟು ದಿನ ನಾನು ಬೇರೆ ಊರಿನವಳು ಎಂದು ಆ ಮನೆಯಲ್ಲಿ ಯಾರೂ ಅಂದಿರಲಿಲ್ಲ.

ಹೊರಟಾಗ ಪವಿತ್ರಾ ಹಿತ್ತಲಲ್ಲಿ ಬೋಗುಣಿ ತಿಕ್ಕುತ್ತಿದ್ದಳು. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ತಪ್ಪಾಯಿತು ಎಂದೆ. ನನಗೆ ಅರ್ಥವಾಗಿಲ್ಲ ಎಂದು ನಿನಗೆ ಹೊಳೆಯಲಿಲ್ಲವೇ ಎಂದೂ ಕೇಳಿದೆ. ಆ ಪ್ರಶ್ನೆ ಕೇಳಬಾರದಿತ್ತು. ಆದರೆ ಅವಳಿಗೂ ತಿಳಿಯಲಿಲ್ಲ ಎಂಬ ಉತ್ತರ ನನಗೆ ಬೇಕಾಗಿತ್ತು.

ಅವಳು ತಿಕ್ಕುವುದು ನಿಲ್ಲಿಸಲಿಲ್ಲ. "ಅವತ್ತ ಗೊತ್ತಾಗಿತ್ರಿ, ನಿಮಗ ತಿಳಿದಿಲ್ಲಂತ. ಇನ್ನೊಮ್ಮೆ ಎದ್ದು, ಅವ್ವನ ಕೈ ಜುಮ್ ಅನ್ನಾಕತ್ತೈತಿ ಅಂತ ಹೇಳಬೇಕಂದ್ನಿ. ಅದನ್ನ ನಿಮ್ಮ ಕನ್ನಡದಾಗ ಹೆಂಗ ಹೇಳಬೇಕು ಗೊತ್ತಾಗಲಿಲ್ರಿ. ಸಂಜೀತನಾ ಅದನ್ನ ಜೋಡಸ್ಕೋತ ಕುಂತಿದ್ನಿ. ತಪ್ಪ ಹೇಳಿದ್ರ ಮತ್ತ ತಿದ್ದತಿದ್ರಿ."

ಇಡೀ ದಿನ ಆ ಹುಡುಗಿ ಮೂರನೆಯ ಬೆಂಚಿನಲ್ಲಿ ಕೂತು ಒಂದು ಸರಿಯಾದ ವಾಕ್ಯ ಹುಡುಕುತ್ತಿದ್ದಳು. ಅಷ್ಟು ಹೊತ್ತೂ ಅವಳ ತಾಯಿ ಕೊಟ್ಟಿಗೆಯ ಮುಂದೆ ಬಿದ್ದಿದ್ದರು.

ಇದಾಗಿ ನಾಲ್ಕು ತಿಂಗಳಾಯಿತು. ಬಾಳವ್ವ ಈಗ ಗೋಡೆ ಹಿಡಿದು ನಡೆಯುತ್ತಾರೆ, ತುಕ್ಕಾನಟ್ಟಿಗೆ ವಾಪಸು ಬಂದಿದ್ದಾರೆ, ಆಯಿಯೂ ಜೊತೆಗಿದ್ದಾರೆ. ಪವಿತ್ರಾ ಶಾಲೆಗೆ ಬರುತ್ತಿದ್ದಾಳೆ. ನಾನು ತಿದ್ದುವುದನ್ನು ಹಾಳೆಯ ಮೇಲೆ ಮಾತ್ರ ಇಟ್ಟುಕೊಂಡಿದ್ದೇನೆ. ಮಾತಿನಲ್ಲಿ ತಿಳಿಯದ್ದನ್ನು ಮಕ್ಕಳನ್ನೇ ಕೇಳುತ್ತೇನೆ, ಅವರು ನಗುತ್ತಲೇ ಹೇಳಿಕೊಡುತ್ತಾರೆ. ತರಗತಿ ಈಗ ಸಂತೆಯ ಹಾಗೆ ಗದ್ದಲ, ಮುಖ್ಯೋಪಾಧ್ಯಾಯರು ಎರಡು ಸಲ ಬಂದು ನೋಡಿ ಹೋದರು. ಸಂಕ್ರಾಂತಿಗೆ ಮೈಸೂರಿಗೆ ಬಂದಿದ್ದಾಗ ಅಕ್ಕನ ಮನೆಯಲ್ಲಿ ಬಾಯಿ ತಪ್ಪಿ "ಹೌದ್ರಿ" ಎಂದೆ. ಎಲ್ಲರೂ ನಕ್ಕರು. ಇಲ್ಲೇ ಇದ್ದುಬಿಡು, ಅಲ್ಲೇನಿದೆ ನಿನಗೆ ಎಂದು ಅಕ್ಕ ಕೇಳಿದಳು. ರಜೆ ಮುಗಿಯಲು ಇನ್ನೂ ಎರಡು ದಿನ ಇರುವಾಗಲೇ ಬಸ್ಸು ಹತ್ತಿದೆ. ಬೆಳಗಾಗಿ ಗೋಕಾಕ ಬಂದಾಗ ಊರು ಬಂತು ಎಂದು ಸಂತೋಷವಾಯಿತೇ ಎಂದರೆ, ಇಲ್ಲ. ಮೂರನೆಯ ಬೆಂಚು ನೆನಪಾಯಿತು.

ತರಗತಿಯಲ್ಲಿ ಎಲ್ಲರೂ ನನ್ನನ್ನು ಈಗ ಅಕ್ಕೋರ ಎನ್ನುತ್ತಾರೆ, ಪವಿತ್ರಾ ಒಬ್ಬಳನ್ನು ಬಿಟ್ಟು. ಮೊನ್ನೆ ಅವಳು ಶಿಕ್ಷಕರ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಮೇಡಂ, ನಾಳೆ ನನ್ನ ತಾಯಿಯವರನ್ನು ಗೋಕಾಕದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿದೆ. ದಯವಿಟ್ಟು ಒಂದು ದಿನದ ರಜೆಯನ್ನು ಕೊಡಿ."

ರೇಡಿಯೊದಲ್ಲಿ ಓದಬಹುದಾದಂಥ ವಾಕ್ಯ. ನನ್ನ ಜೊತೆ ಮಾತ್ರ ಅವಳು ಹೀಗೆ ಮಾತಾಡುತ್ತಾಳೆ, ಮೊದಲೇ ಜೋಡಿಸಿಟ್ಟುಕೊಂಡು ಬಂದು.

"ಹೋಗಿ ಬಾರವಾ," ಎಂದೆ. "ಲಗೂನ ಹೋಗ್ರಿ. ಬಸ್ಸಿನ್ಯಾಗ ಅವ್ವನ್ನ ಕಿಟಕಿ ಬಾಜೂ ಕುಂದರಸು."

"ಧನ್ಯವಾದಗಳು, ಮೇಡಂ."

ಹೊರಗೆ ಕಟ್ಟೆಯ ಮೇಲೆ ಅವಳ ಗೆಳತಿ ಕಾಯುತ್ತಿದ್ದಳು. ಕಿಟಕಿ ತೆರೆದೇ ಇತ್ತು.

"ಏನಂದ್ರಬೇ ಅಕ್ಕೋರು?"

"ಹೋಗ ಅಂದ್ರು," ಪವಿತ್ರಾ ಹೇಳಿದಳು. "ನಮ್ಮಂಗ ಮಾತಾಡಾಕ ನೋಡ್ತಾರ, ಪಾಪ. ಬರಂಗಿಲ್ಲ."